ದಪ್ಪಕ್ಷರ ಕಂಡರೆ ಕೂಗುವ ಹಿತ್ತಾಳೆ ಗಿಳಿ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಓಡಾಡಿಕೊಂಡಿದ್ದ ಕಾಲದಲ್ಲಿ, ತಾಮ್ರಗಿರಿ ಅಂತ ಒಂದು ರಾಜ್ಯವಿತ್ತು. ನಾನು ಓದಿದವನಲ್ಲ. ಆದರೆ ಓದಿದವರು ಯಾರೂ ನೋಡದ ಅಲ್ಲಿನ ಕೋಟೆಯ ಬಾಗಿಲನ್ನು ಇದೇ ಕೈಯಿಂದ ತಟ್ಟಿ ಬಂದವನು.

ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ತಾಮ್ರದ ಬಾಯಿ. ಓಲೆಯಲ್ಲಿ ಬರೆದು ಅದರೊಳಗೆ ಹಾಕಿದ್ದೆಲ್ಲ ನಿಜವಾಗುತ್ತಿತ್ತು. ಆದರೆ ಅದನ್ನು ಎರಕ ಹೊಯ್ದವನು ಪರದೇಶದವನು. ಅವನ ಭಾಷೆಯಲ್ಲಿ ಒತ್ತಕ್ಷರವೇ ಇಲ್ಲ. ಒತ್ತು ಬಂದರೆ ಬಾಯಿ ಅದನ್ನು ಉದುರಿಸಿಬಿಡುತ್ತಿತ್ತು. ಅದಕ್ಕೇ ಮೇಲೊಂದು ಹಿತ್ತಾಳೆ ಗಿಳಿ ಕೂತಿತ್ತು. ಒತ್ತು ಕಂಡ ಕೂಡಲೇ "ದಪ್ಪಕ್ಷರ, ದಪ್ಪಕ್ಷರ" ಅಂತ ಕೂಗಿ ಬಾಯಿ ಮುಚ್ಚಿಸುತ್ತಿತ್ತು. ಕಾವಲಿನ ಮುದ್ದಕ್ಕ ಒತ್ತಿಲ್ಲದ ಮಾತು ಹುಡುಕಿ ಓಲೆ ತಿದ್ದಿ ಮತ್ತೆ ಹಾಕುತ್ತಿದ್ದಳು.

ದೊರೆಗೆ ಈ ಕೂಗು ಸಾಕಾಗಿಹೋಯಿತು. ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಮಾಟಗಾರ ಗವಿಮಾರ, ಗಿಳಿಯ ಕೊಕ್ಕಿಗೆ ಮಂತ್ರದ ದಾರ ಕಟ್ಟುತ್ತೇನೆ ಅಂತ ಬಂದ. ಅಡ್ಡ ನಿಂತ ಮುದ್ದಕ್ಕನನ್ನು ಬಾಗಿಲ ಕಲ್ಲುಕಂಬದೊಳಗೆ ತಳ್ಳಿಬಿಟ್ಟ. ಗಿಳಿಯ ಕೊಕ್ಕು ಕಟ್ಟಿದ್ದೇ ಊರು ತಣ್ಣಗಾಯಿತು. ಆದರೆ ಮಗ್ಗ ಬೇಕು ಅಂತ ಬರೆದವನ ಮನೆಗೆ ಮಗ ಬಂದ, ಮೀಸೆ ಹೊತ್ತುಕೊಂಡು, ಊಟ ಎಲ್ಲಿ ಅಂತ ಕೇಳುತ್ತ. ಯಾಕೆ ಹೀಗಾಯಿತು ಅಂತ ಯಾರಿಗೂ ತಿಳಿಯಲಿಲ್ಲ.

ಮುದ್ದಕ್ಕನ ತಮ್ಮ ಬೀರ ಕಂಬಕ್ಕೆ ಕಿವಿಯಿಟ್ಟ. ಅಕ್ಕನ ಉಸಿರು ಕೇಳಿಸಿತು, ಆದರೆ ಸಣ್ಣದಾಗುತ್ತ ಇತ್ತು. ಅವಳನ್ನು ಬಿಡಿಸಿಕೊಂಡೇ ಮನೆಗೆ ಹೋಗುವುದು ಅಂತ ಅಲ್ಲೇ ಕೂತ.

ಮೊದಲ ಓಲೆ ಬರೆದ: ಮುದ್ದಕ್ಕ ಇಲ್ಲಿ ಬರಲಿ. ಬಾಯಿ ನುಂಗಿತು. ಬಿಳಿ ಮೀಸೆಯ ಮುದಕ ಇಲಿಯೊಂದು ಕೋಲೂರಿಕೊಂಡು ಬಂತು.

"ಕರೆದದ್ದು ನೀನೇನಪ್ಪ? ಈ ವಯಸ್ಸಿನಲ್ಲಿ ನನ್ನಿಂದ ಏನು ಕೆಲಸ?"

ಬೀರ ಬಿಡಲಿಲ್ಲ. ಕಂಬಕ್ಕೆ ಹಗ್ಗ ಕಟ್ಟಿ ಎಳೆಸೋಣ ಅಂತ ಎರಡನೆಯ ಓಲೆ ಬರೆದ: ಕತ್ತೆ ಬರಲಿ. ಒಂದು ಕತೆ ಬಂತು, ಉದ್ದ ಬಾಲದ್ದು, ತನ್ನನ್ನು ತಾನೇ ಹೇಳಿಕೊಳ್ಳುತ್ತ. ಇಲಿ ಹೂಂಗುಟ್ಟುತ್ತ ಕೂತಿತು.

ಬೀರ ಬಾಯಿಯ ಕೆಳಗೆ ಬಗ್ಗಿ ನೋಡಿದ. ಉದುರಿದ ಒತ್ತುಗಳು ಇರುವೆಗಳ ಹಾಗೆ ರಾಶಿ ಬಿದ್ದಿದ್ದವು. ಆಗ ಗಿಳಿ ಯಾಕೆ ಕೂಗುತ್ತಿತ್ತು ಅಂತ ಅವನಿಗೆ ಹೊಳೆಯಿತು. ಇಲಿಯನ್ನು ಬೇಡಿಕೊಂಡ. ಇರುವುದು ಒಂದೇ ಹಲ್ಲು ಅಂತ ಗೊಣಗುತ್ತಲೇ ಇಲಿ ಗಿಳಿಯ ಕೊಕ್ಕಿನ ದಾರ ಕಡಿಯಿತು. ಗಿಳಿ ಕೋಟೆ ನಡುಗುವ ಹಾಗೆ ಕೂಗಿತು. ದೊರೆ ಓಡಿ ಬಂದ, ಹಿಂದೆಯೇ ಗವಿಮಾರ.

ಬೀರ ದೊರೆಗೆ ಕೈಮುಗಿದು ಹೇಳಿದ: "ಅದು ಗಲಾಟೆ ಮಾಡ್ತಿಲ್ಲ ಬುದ್ಧಿ. ನಮ್ಮನ್ನ ಏನೋ ಕೇಳ್ತಿದೆ."

"ಇದು ಯಾವ ನುಡಿ?" ಅಂದಿತು ಗಿಳಿ. "ಓಲೆಯ ತಲೆಯಲ್ಲಿ ಮೊದಲು ಅದನ್ನು ಬರಿ. ಬಾಯಿ ತಾನೇ ಒತ್ತು ಹಿಡಿಸುವಷ್ಟು ಅಗಲವಾಗುತ್ತದೆ."

ಬೀರ ಕನ್ನಡ ಅಂತ ಬರೆದು ಬಾಯಿಗೆ ಹಾಕಿದ. ಒತ್ತು ಉದುರಿ ಕನಡ ಆಯಿತು. ಅಂಥ ನುಡಿ ಇಲ್ಲ ಅಂದಿತು ಗಿಳಿ.

ಗವಿಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ನುಡಿಯ ಹೆಸರೇ ಅದರ ಬಾಯಲ್ಲಿ ಹಿಡಿಸಲ್ಲವಲ್ಲೋ." ಹೊಸ ದಾರ ಬಿಚ್ಚುತ್ತ ಗಿಳಿಯ ಕಡೆ ನಡೆದ. ಕಂಬದೊಳಗಿನ ಉಸಿರು ನಿಂತು ನಿಂತು ಬರುತ್ತಿತ್ತು.

ಬೀರ ಹೊಸ ಓಲೆ ತೆಗೆದುಕೊಂಡ. ಒತ್ತೇ ಇಲ್ಲದ ಹೆಸರು ಹುಡುಕಿದ, ಸಿಕ್ಕಿತು. ಓಲೆಯ ತಲೆಯಲ್ಲಿ ಬರೆದ: ಕರುನಾಡ ನುಡಿ. ಅದರ ಕೆಳಗೆ: ಮುದ್ದಕ್ಕ ಇಲ್ಲಿ ಬರಲಿ, ಗವಿಮಾರ ಕಲ್ಲಾಗಲಿ.

ಓಲೆಯ ತಲೆಯಲ್ಲಿ ಉದುರುವುದಕ್ಕೆ ಏನೂ ಇರಲಿಲ್ಲ. ತಾಮ್ರದ ಬಾಯಿ ಆನೆ ಹೋಗುವಷ್ಟು ಅಗಲವಾಗಿ, ಒಂದು ಒತ್ತನ್ನೂ ಬಿಡದೆ ಓಲೆಯನ್ನು ನುಂಗಿತು. ಗವಿಮಾರ ದಾರ ಹಿಡಿದು ನಿಂತ ಹಾಗೇ ಕಲ್ಲಾದ. ಕಂಬ ಬಾಯಿಬಿಟ್ಟಿತು. ಮುದ್ದಕ್ಕ ಸೆರಗು ಕೊಡವಿಕೊಂಡು ಹೊರಗೆ ಬಂದಳು, ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ತಮ್ಮಾ, ಹೀಗೆ ಸೊರಗಿದೀಯ. ಉಂಡಿದೀಯೋ ಇಲ್ಲವೋ?"

ಅಕ್ಕ ಅವನ ಕೈಹಿಡಿದು ಮನೆಗೆ ನಡೆದಳು. ಅವತ್ತು ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಉಂಡರು. ತಾಮ್ರಗಿರಿಯ ಜನ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಇವತ್ತಿಗೂ ಸುಖವಾಗಿದ್ದಾರೆ.