ಉಪ್ಪುನೆಲದಲ್ಲಿ ಸಿಕ್ಕ ಖಲ್ಫಾನ್

ಅಕ್ಟೋಬರ್ 21, ಬುಧವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಿರ್ ಸುವೈದ್ ಪೊಲೀಸ್ ಠಾಣೆಯ ಮುಂದೆ ನಿಂತ ಜೀಪಿನಿಂದ ಇಳಿದವನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಕಾನ್‌ಸ್ಟೆಬಲ್ ಹಮ್ಮೂದ್ ಅವನನ್ನು ಒಳಗೆ ಕೂರಿಸಿ, ನೀರು ಕುಡಿಸಿ, ಎರಡು ಖರ್ಜೂರ ತಿನ್ನಿಸಿದ ಮೇಲೆ ದೂರು ಹೊರಬಂತು. ಹೆಸರು ಝಹ್ರಾನ್, ವಯಸ್ಸು ಐವತ್ತು, ನಿಜ್ವಾ ಪಟ್ಟಣದಲ್ಲಿ ಗ್ಯಾರೇಜು. ಮೂವರು ಗೆಳೆಯರು, ಮೂರು ಜೀಪು, ಮರಳುಗಾಡು ದಾಟುವ ಎಂಟು ದಿನದ ಪ್ರಯಾಣ. ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿರುಗಾಳಿ ಎದ್ದಾಗ ಕೊನೆಯ ಜೀಪು ಕಾಣೆಯಾಗಿದೆ. ಅದರಲ್ಲಿದ್ದವನು ಖಲ್ಫಾನ್, ನಲವತ್ತೇಳು ವರ್ಷ, ಸಕ್ಕರೆ ಕಾಯಿಲೆಯವನು.

ಪ್ರಥಮ ವರ್ತಮಾನ ವರದಿ ಬರೆದುಕೊಳ್ಳುತ್ತಿದ್ದ ಇನ್ಸ್‌ಪೆಕ್ಟರ್ ಮುಸಲ್ಲಮ್ ಆ ಹೆಸರು ಕೇಳಿ ಪೆನ್ನು ನಿಲ್ಲಿಸಿದ. ಒಂಬತ್ತು ವರ್ಷದ ಹಿಂದೆ ಇದೇ ಠಾಣೆಗೆ ಇದೇ ಖಲ್ಫಾನ್ ದೂರು ತಂದಿದ್ದ. ಆಗ ಕಳೆದುಹೋಗಿದ್ದವನು ಅವನ ಗೆಳೆಯ ಯಾಕೂಬ್, ಇಪ್ಪತ್ತಾರರ ಹುಡುಗ. ಖಲ್ಫಾನ್ ತೋರಿಸಿದ ಜಾಗದ ಸುತ್ತ ಐದು ದಿನ ಜಾಲಾಡಿದರೂ ಒಂದು ಚಪ್ಪಲಿ ಕೂಡ ಸಿಗಲಿಲ್ಲ. ಆಗಿನ್ನೂ ಕಾನ್‌ಸ್ಟೆಬಲ್ ಆಗಿದ್ದ ಮುಸಲ್ಲಮ್ ಆ ಕಡತ ಮುಚ್ಚುವ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ್ದ. ಯಾಕೂಬನ ತಾಯಿ ಅತ್ತಿರಲಿಲ್ಲ, ಯಾರನ್ನೂ ಬೈದಿರಲಿಲ್ಲ. ಮಗನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದಷ್ಟೇ ಕೇಳಿದ್ದಳು. ಆ ಪ್ರಶ್ನೆಯ ಮುಂದೆ ತಲೆ ತಗ್ಗಿಸಿ ನಿಂತದ್ದು ಅವನಿಗೆ ಇವತ್ತಿಗೂ ನುಂಗಲಾಗದ ತುತ್ತು.

"ಮೂರನೆಯವನು ಯಾರು?"

"ಹಿಲಾಲ್ ಬಿನ್ ಸಈದ್. ಶಾಲೆ ಮೇಷ್ಟ್ರು. ಅವನು ಅಲ್ಲೇ ಹುಡುಕ್ತಾ ಇದಾನೆ."

"ಯಾಕೂಬನ ಅಣ್ಣನಾ?"

"ಹೌದು ಸಾರ್. ನಾಲ್ಕು ವರ್ಷದಿಂದ ನಮ್ಮ ಜೊತೆನೇ ಬರ್ತಾನೆ. ಖಲ್ಫಾನ್ ಮೇಲೆ ಅವನಿಗೇನೂ ಸಿಟ್ಟಿಲ್ಲ."

ಕೇಳದ ಪ್ರಶ್ನೆಗೆ ಉತ್ತರ ಬಂದದ್ದನ್ನು ಮುಸಲ್ಲಮ್ ಗಮನಿಸಿದ, ಬರೆದುಕೊಳ್ಳಲಿಲ್ಲ. ಉಳಿದದ್ದನ್ನು ಕೆದಕಿ ಕೇಳಿದ. ಉಪಗ್ರಹ ಫೋನ್ ಒಂದೇ ಇತ್ತು, ಅದು ಹಿಲಾಲ್ ಬಳಿ, ಮರಳು ಹೊಕ್ಕು ಕೆಟ್ಟಿದೆ. ಜೀಪಿನಿಂದ ಜೀಪಿಗೆ ಮಾತಾಡುವ ರೇಡಿಯೋ ತೀರಾ ಹತ್ತಿರವಿದ್ದರಷ್ಟೇ ಕೇಳುತ್ತದೆ, ಬಿರುಗಾಳಿಯಲ್ಲಿ ಮುಂದಿದ್ದ ಝಹ್ರಾನ್‌ಗೆ ಏನೂ ಕೇಳಿಸಲಿಲ್ಲ. ಪ್ರತಿ ಜೀಪಿನಲ್ಲಿ ಎರಡು ಕ್ಯಾನು ನೀರು. ಬೆಳಿಗ್ಗೆ ಸಾಮಾನು ಏರಿಸುವವನು ಹಿಲಾಲ್. ಸಾಲಿನಲ್ಲಿ ಮೊದಲು ಝಹ್ರಾನ್, ನಡುವೆ ಹಿಲಾಲ್, ಕೊನೆಗೆ ಖಲ್ಫಾನ್. ಮರಳಿಗಿಳಿಯುವವರಲ್ಲಿ ಒಂದು ಕಟ್ಟುಪಾಡಿದೆ: ಹಿಂದಿನ ಗಾಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಅದರ ಮುಂದಿನವನ ಹೊಣೆ. ಅದು ಕಾಣದಿದ್ದರೆ ನಿಲ್ಲಬೇಕು, ತಿರುಗಬೇಕು. ಅದನ್ನು ಮುರಿದವನ ಜೊತೆ ಆಮೇಲೆ ಯಾರೂ ಮರಳಿಗಿಳಿಯುವುದಿಲ್ಲ. ಸೋಮವಾರ ಖಲ್ಫಾನ್ ಇರಬೇಕಾಗಿದ್ದದ್ದು ಹಿಲಾಲನ ಕನ್ನಡಿಯಲ್ಲಿ.

ಗುರುವಾರ ಬೆಳಗಿನ ನಮಾಜು ಮುಗಿಸಿ ಐದೂವರೆಗೆ ಎರಡು ಪೊಲೀಸ್ ಜೀಪು, ಅವುಗಳ ಹಿಂದೆ ಡಾಕ್ಟರ್ ಕೂತ ಆಂಬುಲೆನ್ಸು ಹೊರಟವು. ಮುಂದಿನ ಜೀಪಿನಲ್ಲಿ ಹೆಜ್ಜೆ ಓದುವ ಮುದುಕ ಮಬ್ಖೂತ್ ಕುಳಿತಿದ್ದ. ಎಪ್ಪತ್ತು ದಾಟಿದ ಅವನಿಗೆ ಓದು ಬರಹ ಬಾರದು. ತಿಂಗಳ ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಆದರೆ ಒಂಟೆಯ ಹೆಜ್ಜೆ ನೋಡಿ ಅದು ಯಾರ ಮನೆಯದೆಂದು ಹೇಳುತ್ತಾನೆ. ಕರಾವಳಿಯ ಹಮ್ಮೂದನನ್ನು ಕಂಡರೆ ಅವನಿಗೆ ತಮಾಷೆ. ದಾರಿಯುದ್ದಕ್ಕೂ ಅವನ ಡ್ರೈವಿಂಗನ್ನು ಆಡಿಕೊಂಡ.

"ಏ ಕಡಲ ಮೀನಾ, ಇದು ದೋಣಿ ಅಲ್ಲಪಾ. ದಿಬ್ಬ ಬಂದ್ರ ಹತ್ತಬೇಕು, ತೇಲೂದಲ್ಲ."

ಹತ್ತೂವರೆಗೆ ಶಿಬಿರ ಕಂಡಿತು. ಒಂದು ಗುಡಾರ, ಒಂದು ಜೀಪು, ಆರಿದ ಒಲೆ. ಹಿಲಾಲ್ ಎದ್ದು ಬಂದು ಪದ್ಧತಿಯಂತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ಸಣಕಲು ಮನುಷ್ಯ, ತುಟಿ ಒಡೆದಿತ್ತು. ಆ ಬಿಸಿಲಿನಲ್ಲಿ ಅವನ ತಲೆಗೆ ವಸ್ತ್ರವಿರಲಿಲ್ಲ.

ಸೋಮವಾರ ಏನಾಯಿತೆಂದು ಕೇಳಿದಾಗ, ಗಾಳಿಯಲ್ಲಿ ತನ್ನ ಜೀಪಿನ ಮೂತಿಯೇ ಕಾಣುತ್ತಿರಲಿಲ್ಲ, ಇನ್ನು ಕನ್ನಡಿ ಎಲ್ಲಿಯದು ಎಂದ. ಎರಡು ದಿನವೂ ಪಶ್ಚಿಮದ ದಿಬ್ಬಗಳಲ್ಲಿ ಹುಡುಕಿದೆ ಎಂದ.

"ತಲೆವಸ್ತ್ರ ಎಲ್ಲಿ?"

"ಗಾಳಿಗೆ ಹೋಯ್ತು."

"ಯಾವತ್ತು?"

"ಸೋಮವಾರ."

ಅಷ್ಟರಲ್ಲಿ ಮಬ್ಖೂತ್ ಹಿಲಾಲನ ಜೀಪಿನ ಸುತ್ತ ಒಂದು ಸುತ್ತು ಬಂದು, ಚಕ್ರಗಳನ್ನು ಸವರಿ ನೋಡಿ, ಪೂರ್ವದ ಕಡೆ ನಡೆದುಬಿಟ್ಟ. ಮುಸಲ್ಲಮ್ ಅವನ ಹಿಂದೆ ಹೋದ. ನೆಲದ ಮೇಲೆ ಯಾರೋ ಕಂಬಳಿ ಎಳೆದುಕೊಂಡು ಹೋದ ಅಗಲವಾದ ಗೆರೆಯಿತ್ತು.

"ಜೀಪಿನ ಹಿಂದ ಚಾಪಿ ಕಟ್ಟಿ ಎಳದಾನ, ಗುರುತು ಅಳಿಸಾಕ," ಎಂದ ಮುದುಕ. "ಮೇಷ್ಟ್ರಲ್ಲ, ಹಲಗಿ ಒರೆಸಿ ರೂಢಿ. ಗಾಳಿ ಒರೆಸಿದ್ದು ಬ್ಯಾರೆ, ಚಾಪಿ ಒರೆಸಿದ್ದು ಬ್ಯಾರೆ. ಇದರ ಬೆನ್ನು ಹತ್ತಿದ್ರ ಕುರುಡನೂ ಮುಟ್ತಾನ."

ಹಿಲಾಲನ ಕಾವಲಿಗೆ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಬಿಟ್ಟು ಉಳಿದವರು ಪೂರ್ವಕ್ಕೆ ಹೊರಟರು. ಖಲ್ಫಾನ್ ಬದುಕಿರಬಹುದೇ ಎಂದು ಹಮ್ಮೂದ್ ಕೇಳಿದ. ಜೊತೆಗೆ ನೀರಿದ್ದರೆ ಬದುಕಿರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು, ಆಂಬುಲೆನ್ಸಿನಲ್ಲಿ ಬರುತ್ತಿದ್ದ ಡಾಕ್ಟರಿಗೂ ಗೊತ್ತಿತ್ತು.

ಹದಿನಾಲ್ಕು ಕಿಲೋಮೀಟರ್ ಆಚೆ ದಿಬ್ಬಗಳು ಮುಗಿದು ಉಪ್ಪುನೆಲ ಶುರುವಾಗುತ್ತದೆ. ಮೇಲೆ ಹಪ್ಪಳದಂಥ ಒಣ ಪದರ, ಕೆಳಗೆ ಕೆಸರು. ಮಧ್ಯಾಹ್ನ ಎರಡು ನಲವತ್ತಕ್ಕೆ ಖಲ್ಫಾನನ ಜೀಪು ಸಿಕ್ಕಿತು. ನಾಲ್ಕೂ ಚಕ್ರ ಅಚ್ಚಿನವರೆಗೆ ಹೂತಿದ್ದವು. ಸುತ್ತ ಗುದ್ದಲಿಯಿಂದ ತೋಡಿ ತೋಡಿ ಸೋತ ಗುಂಡಿಗಳಿದ್ದವು. ಹಿಂಬದಿಯಲ್ಲಿ ಕ್ಯಾನು ಇಡುವ ಚೌಕಟ್ಟು ಖಾಲಿ. ಜೀಪಿನ ನೆರಳಿನಲ್ಲಿ ಖಲ್ಫಾನ್ ಬಲಮಗ್ಗುಲಾಗಿ ಮೆಕ್ಕಾದ ಕಡೆ ಮುಖ ಮಾಡಿ ಮಲಗಿದ್ದ. ಸತ್ತು ಒಂದು ದಿನದ ಹತ್ತಿರವಾಗಿದೆ ಎಂದು ಡಾಕ್ಟರ್ ಹೇಳಿದರು. ಹಮ್ಮೂದ್ ಪಂಚನಾಮೆ ಬರೆಯತೊಡಗಿದ. ಗಾಯವಿಲ್ಲ. ನಾಲಿಗೆ ಒಣಗಿ ಕಪ್ಪಾಗಿದೆ. ಸಾವಿಗೆ ಕಾರಣ ಮೇಲ್ನೋಟಕ್ಕೆ ಬಾಯಾರಿಕೆ. ಸಾಯುವ ಮುಸಲ್ಮಾನ ತಾನೇ ಮಗ್ಗುಲಾಗಿ ಮಲಗಿರಬಹುದು, ಅದರಲ್ಲಿ ವಿಶೇಷವಿಲ್ಲ.

ಮಬ್ಖೂತ್ ಮಾತ್ರ ಹೆಣದ ಮುಖದ ಹತ್ತಿರ ಕೂತವನು ಏಳಲಿಲ್ಲ.

"ನೀರಡಿಸಿ ಸತ್ತವ್ರ ಬಾಯಿ ತೆರದ ಇರ್ತೈತಿ. ನಮ್ಮಪ್ಪನ್ನ ನಾ ಹಂಗ ನೋಡೀನಿ. ಇವನ ಬಾಯಿ ಮುಚ್ಚೇತಿ ನೋಡ್ರಿ."

ಡಾಕ್ಟರ್ ಬಗ್ಗಿದರು. ಮೆಹಂದಿ ಹಚ್ಚಿದ ಕೆಂಪು ಗಡ್ಡ ದವಡೆಯ ಕೆಳಗೆ ಎರಡು ಬೆರಳಗಲ ಅಪ್ಪಚ್ಚಿಯಾಗಿತ್ತು, ಕಿವಿಯ ಹಿಂದೆಯೂ ಅದೇ ಗೆರೆ. ಸತ್ತವನ ದವಡೆ ಜೋತುಬೀಳದಂತೆ ತಲೆಗೆ ಸೇರಿಸಿ ಬಟ್ಟೆ ಕಟ್ಟುವುದು ಎಲ್ಲ ಮನೆಗಳಲ್ಲೂ ಉಂಟು. ಮೈ ಬಿಗಿದ ಮೇಲೆ ಬಟ್ಟೆ ಬಿಚ್ಚಿದರೂ ಬಾಯಿ ಹಾಗೇ ನಿಲ್ಲುತ್ತದೆ. ದವಡೆ ಬಿಗಿಯಲು ಮೂರು ನಾಲ್ಕು ಗಂಟೆಯಾದರೂ ಬೇಕೆಂದು ಡಾಕ್ಟರ್ ಹೇಳಿದರು. ಇದನ್ನು ಸತ್ತವನು ತಾನೇ ಮಾಡಿಕೊಳ್ಳಲಾರ.

ಹೆಣದ ತಲೆಯ ಬಳಿ ಒಂದು ಕಡೆ ಉಪ್ಪಿನ ಪದರ ನಜ್ಜುಗುಜ್ಜಾಗಿತ್ತು. ಯಾರೋ ಅಲ್ಲಿ ಚಕ್ಕಂಬಟ್ಟಲು ಹಾಕಿ ಬಹಳ ಹೊತ್ತು ಕೂತಿದ್ದರು. ಎಲ್ಲ ಗುರುತು ಅಳಿಸಿದವನು, ತಾನು ಕೂತ ಜಾಗವನ್ನು ಮರೆತಿದ್ದ. ನೀರು ಕೊಡದೆ ಕೊಂದವನೊಬ್ಬ, ಪಕ್ಕದಲ್ಲಿ ಕೂತು ಮನೆಯವನಂತೆ ಕಡೆಯ ಸೇವೆ ಮಾಡಿದವನೊಬ್ಬ ಎಂದು ನಂಬಲು ಮುಸಲ್ಲಮ್‌ಗೆ ಆಸೆಯಿತ್ತು. ಆದರೆ ಬಂದು ಹೋದ ಗುರುತು ಒಂದೇ ಜೀಪಿನದು.

ಐದು ಗಂಟೆಗೆ ಶಿಬಿರಕ್ಕೆ ಮರಳಿದರು. ಬುಧವಾರ ಮಧ್ಯಾಹ್ನ ಝಹ್ರಾನ್ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿದ್ದುದನ್ನು ಅಲ್ಲಿನ ಕೆಲಸದವನು ಖಾತ್ರಿಪಡಿಸಿದನೆಂದು ಠಾಣೆಯವರು ವೈರ್‌ಲೆಸ್ಸಿನಲ್ಲಿ ತಿಳಿಸಿದರು. ಹಮ್ಮೂದ್ ಹಿಲಾಲನ ಜೀಪು ಶೋಧಿಸಿದ. ಸೀಟಿನ ಹಿಂದೆ, ಅಚ್ಚುಕಟ್ಟಾಗಿ ಮಡಿಸಿಟ್ಟ ತಲೆವಸ್ತ್ರ ಸಿಕ್ಕಿತು. ಅದರ ನೇಯ್ಗೆಯಲ್ಲಿ ಕೆಂಪು ಗಡ್ಡದ ಮೂರು ಕೂದಲು ಸಿಕ್ಕಿಕೊಂಡಿದ್ದವು.

ಮುಸಲ್ಲಮ್ ಅದನ್ನು ಹಿಲಾಲನ ಮುಂದೆ ಚಾಪೆಯ ಮೇಲೆ ಇಟ್ಟ.

"ಗಾಳಿಗೆ ಹೋಗಿತ್ತು ಅಂದ್ರಿ."

ಹಿಲಾಲ್ ಅದರ ಸಡಿಲವಾದ ಮಡಿಕೆಯನ್ನು ಸರಿಮಾಡಿದ.

"ಯಾಕೆ ಎಸೀಲಿಲ್ಲ ಮೇಷ್ಟ್ರೇ? ಸುಡಬಹುದಿತ್ತಲ್ಲ?"

"ಸತ್ತವನಿಗೆ ಕಟ್ಟಿದ ಬಟ್ಟೆ," ಎಂದ ಹಿಲಾಲ್. "ಮನಸ್ಸು ಬರಲಿಲ್ಲ."

ಆಮೇಲೆ ಅವನಿಂದ ಮಾತು ಕೀಳಬೇಕಾಗಲಿಲ್ಲ. ಹೇಳಿಕೆ ಆರೂ ಇಪ್ಪತ್ತರವರೆಗೆ ನಡೆಯಿತು.

ನಾಲ್ಕು ವರ್ಷ ಅವನು ಖಲ್ಫಾನನ ಜೊತೆ ಬಂದದ್ದು ಒಂದೇ ಆಸೆಯಿಂದ: ತಮ್ಮ ಕಳೆದುಹೋದ ಸೀಮೆಯಲ್ಲಿ ಓಡಾಡುತ್ತಿದ್ದರೆ ಏನಾದರೂ ಕಂಡೀತು ಎಂದು. ತಾಯಿ ಒಂಬತ್ತು ವರ್ಷದಿಂದ ಯಾವ ಹಬ್ಬಕ್ಕೂ ಹೊಸ ಬಟ್ಟೆ ಉಟ್ಟಿಲ್ಲ. ಗೋರಿ ಇಲ್ಲದ ಮಗ ಸತ್ತಂತೆಯೂ ಅಲ್ಲ, ಬದುಕಿದಂತೆಯೂ ಅಲ್ಲ. ಭಾನುವಾರ ಸಂಜೆ ಸಾಲು ಒಂದು ಬಯಲು ದಾಟುವಾಗ ಹಿಲಾಲ್ ಕನ್ನಡಿ ನೋಡಿದ. ಖಲ್ಫಾನ್ ಜೀಪು ನಿಲ್ಲಿಸಿ ಕೆಳಗಿಳಿದಿದ್ದ. ದೂರದಲ್ಲಿ ಸಾಲಾಗಿ ನಿಂತ ಗಾಫ್ ಮರಗಳ ಕಡೆ ತಿರುಗಿ ಎರಡೂ ಕೈ ಎತ್ತಿ ನಿಂತಿದ್ದ. ಗೋರಿಯ ಮುಂದೆ ನಿಂತವರು ಹಾಗೆ ಕೈ ಎತ್ತುತ್ತಾರೆ. ಅಲ್ಲಿ ಗೋರಿ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವನು ಪೊಲೀಸರಿಗೆ ತೋರಿಸಿದ ಜಾಗ ಅಲ್ಲಿಂದ ಅರವತ್ತು ಕಿಲೋಮೀಟರ್ ಆಚೆ.

ಸೋಮವಾರ ಬೆಳಿಗ್ಗೆ ಹಿಲಾಲ್ ಖಲ್ಫಾನನ ಎರಡು ಕ್ಯಾನುಗಳನ್ನು ತನ್ನ ಜೀಪಿಗೆ ಏರಿಸಿಕೊಂಡ. ಗಾಳಿ ಎದ್ದದ್ದು ಅವನಿಗೆ ಅನುಕೂಲವಾಯಿತು. ರೇಡಿಯೋದಲ್ಲಿ ಎಡಕ್ಕೆ ಬಾ, ಎಡಕ್ಕೆ ಬಾ ಎಂದು ಕರೆದುಕೊಂಡು ಹೋಗಿ ಉಪ್ಪುನೆಲಕ್ಕೆ ಇಳಿಸಿದ. ಮಂಗಳವಾರ ಬೆಳಿಗ್ಗೆ ಹುಡುಕುವ ನೆಪದಲ್ಲಿ ಬಂದು, ನೀರು ತೋರಿಸಿ, ತಮ್ಮ ಎಲ್ಲಿದ್ದಾನೆ ಎಂದು ಕೇಳಿದ. ಸಂಜೆಯೂ ಕೇಳಿದ. ಬುಧವಾರ ಝಹ್ರಾನ್ ಠಾಣೆಗೆ ಹೊರಟ ಮೇಲೆ ಮತ್ತೆ ಬಂದು ಕೇಳಿದ.

"ಅವನು ಏನಂದ?" ಮುಸಲ್ಲಮ್‌ನ ದನಿ ತಾನಾಗಿ ತಗ್ಗಿತ್ತು.

"ಮೂರನೇ ಗಾಫ್ ಮರದ ಬುಡದಲ್ಲಿ ನಾನೇ ಮಣ್ಣು ಮಾಡಿದೆ ಅಂದ. ಹಿಂದೆ ತಮ್ಮನ ಗಾಡಿ ದೀಪ ಕಾಣದೇ ಹೋದಾಗ ಹೆದರಿ ತಿರುಗಲಿಲ್ಲ, ಮಾರನೇ ದಿನ ಬಂದು ನೋಡಿದ್ರೆ ಮರದ ಕೆಳಗೆ ಸತ್ತಿದ್ದ ಅಂದ. ಬಿಟ್ಟು ಹೋದೋನು ಅಂತ ಊರೆಲ್ಲ ಉಗೀತಾರೆ ಅಂತ ಬೇರೆ ಜಾಗ ತೋರಿಸಿದ್ನಂತೆ. ಪ್ರತೀ ಸಲವೂ ಅದನ್ನೇ ಅಂದ."

"ನೀವು ನಂಬಲಿಲ್ಲ."

"ಕಡತ ಮುಚ್ಚಿದ ನಿಮ್ಮ ಠಾಣೆ ಕಾಗದ ನನ್ನ ಹತ್ರ ಇದೆ ಸಾರ್, ಬಾಯಿಪಾಠ. ಅದರಲ್ಲೂ ಅವನು ದೇವರ ಮೇಲೆ ಆಣೆ ಇಟ್ಟೇ ಹೇಳಿದ್ದ. ಮರಗಳ ಕಡೆ ಕೈ ಎತ್ತಿದ್ದನ್ನ ನೋಡಿದೆ ಅಂತ ನಾನೇ ಮೊದಲು ಬಾಯಿಬಿಟ್ಟಿದ್ದೆ, ಅದನ್ನೇ ಹಿಡಿದು ನೀರಿಗೋಸ್ಕರ ಇನ್ನೊಂದು ಸುಳ್ಳು ಕಟ್ತಿದಾನೆ ಅಂದ್ಕೊಂಡೆ. ನಿಜ ಹೇಳಲಿ ಅಂತ ಕಾದೆ. ಕಾಯ್ತಾ ಇರುವಾಗಲೇ ಹೋಗಿಬಿಟ್ಟ."

ಆ ಕಾಗದದ ಕೊನೆಯಲ್ಲಿ ಯಾರ ಸಹಿ ಇದೆಯೆಂದು ಹಿಲಾಲ್ ಹೇಳಲಿಲ್ಲ. ಬಹುಶಃ ಅವನು ಗಮನಿಸಿರಲೂ ಇಲ್ಲ. ಆರೂವರೆಗೆ ಅವನನ್ನು ಬಂಧಿಸಲಾಯಿತು. ಕೈಕೋಳ ಹಾಕುವಾಗ ಹಮ್ಮೂದನೇ ಕ್ಷಮೆ ಕೇಳುವವನಂತೆ ನಿಂತಿದ್ದ.

ಅಕ್ಟೋಬರ್ 24, ಶನಿವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಮೂರನೇ ಗಾಫ್ ಮರದ ಬುಡದಲ್ಲಿ ಅಗೆಯಲು ಶುರುಮಾಡಿದರು. ಸೊಂಟದಾಳದಲ್ಲಿ ಮೂಳೆ ಸಿಕ್ಕಿತು. ಬಲಮಗ್ಗುಲು, ಮುಖ ಮೆಕ್ಕಾದ ಕಡೆ. ಕಂಬಳಿಯ ಚೂರುಗಳು, ಬೆರಳಲ್ಲಿ ಬೆಳ್ಳಿಯುಂಗುರ. ಖಲ್ಫಾನ್ ಹೇಳಿದ ಜಾಗಕ್ಕೂ ಇದಕ್ಕೂ ಒಂದು ಗೇಣಿನ ವ್ಯತ್ಯಾಸವಿರಲಿಲ್ಲ. ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ ಮಬ್ಖೂತ್ ಅಂದು ಹಮ್ಮೂದನನ್ನು ಕೆಣಕಲಿಲ್ಲ.

ಹಳ್ಳಿಯಿಂದ ಠಾಣೆಗೆ ಬಂದ ತಾಯಿ ಉಂಗುರ ನೋಡಿ ಗುರುತು ಹೇಳಿದಳು. ಇನ್ನೊಬ್ಬ ಮಗ ಎಲ್ಲಿದ್ದಾನೆಂದು ಅವಳಿಗೆ ಆಗಲೇ ಗೊತ್ತಿತ್ತು. ಯಾಕೂಬನನ್ನು ಹೂತವನು ಯಾರು ಎಂದು ಕೇಳಿದಳು, ಮುಸಲ್ಲಮ್ ಹೇಳಿದ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ಸಂಜೆ ಮುಸಲ್ಲಮ್ ಲಾಕಪ್ಪಿಗೆ ಹೋದ. ಕೆಲವು ಸುದ್ದಿ ಹೇಳದಿದ್ದರೇ ವಾಸಿ ಎಂದು ಅವನಿಗೂ ಅನ್ನಿಸಿತ್ತು, ಆದರೆ ಆ ಠಾಣೆಯಿಂದ ಆ ಮನೆಗೆ ಇನ್ನೊಂದು ಸುಳ್ಳು ಹೋಗುವುದು ಅವನಿಗೆ ಬೇಡವಾಗಿತ್ತು.

"ನಿಮ್ಮ ತಮ್ಮ ಸಿಕ್ಕಿದ, ಹಿಲಾಲ್. ಮೂರನೇ ಮರದ ಬುಡದಲ್ಲೇ."

ಹಿಲಾಲ್ ಕಂಬಿ ಹಿಡಿದು ನಿಧಾನಕ್ಕೆ ಕೂತ.

"ಮಂಗಳವಾರ ಬೆಳಿಗ್ಗೆ ಮೊದಲ ಸಲ ಕೇಳಿದಾಗಲೇ ಹೇಳಿದ್ದ ಸಾರ್," ಎಂದ. "ಆಗಿನ್ನೂ ಅವನಿಗೆ ನನ್ನ ಬೈಯೋ ಅಷ್ಟು ಶಕ್ತಿ ಇತ್ತು."

ಆರೋಪಪಟ್ಟಿಯಲ್ಲಿ ಕೃತ್ಯದ ಕಾರಣ ಬರೆಯುವ ಕಾಲಂ ಬಂದಾಗ ಮುಸಲ್ಲಮ್ ಒಂಬತ್ತು ವರ್ಷದ ಹಿಂದಿನ ಕಡತವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡ. ಆಮೇಲೆ ಬರೆದ: ಆರೋಪಿಗೆ ತನ್ನ ತಮ್ಮನ ಗೋರಿ ಎಲ್ಲಿದೆ ಎಂದು ತಿಳಿಯಬೇಕಾಗಿತ್ತು. ಮೃತನು ಮೊದಲ ದಿನವೇ ತಿಳಿಸಿದ್ದನು. ಈ ಠಾಣೆಯ ಹಳೆಯ ವರದಿಯಲ್ಲಿ ಬೇರೆ ಜಾಗ ಇದ್ದುದರಿಂದ ಆರೋಪಿ ನಂಬಲಿಲ್ಲ. ಅದರ ಕೆಳಗೆ ತನ್ನ ಹೆಸರು ಬರೆದು, ತಾರೀಖು ಹಾಕಿ ಸಹಿ ಮಾಡಿದ.