ರೆಕ್ಕೆಯ ಪಾಲು

ಗಸಗಸೆ ಕಾಳಿಗಿಂತ ತುಸು ದೊಡ್ಡದಾದ ಮೊಟ್ಟೆಯೊಂದು ಪಾಲುಯಂತ್ರದ ಗಾಜಿನ ಕಣ್ಣಿನ ಕೆಳಗೆ ಬಂದು ನಿಂತಿತು. ಮೇಲಿನಿಂದ ಕೂದಲಿಗಿಂತ ತೆಳ್ಳಗಿನ ಬೆಳಕೊಂದು ಇಳಿದು, ಮೊಟ್ಟೆಯೊಳಗೆ ಹನ್ನೊಂದು ಕಡೆ ಮುಟ್ಟಿ, ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ಮುಂದಿನ ಮೊಟ್ಟೆ ಬಂದಿತ್ತು.

"ಒಳ್ಗೆ ಏನ್ ಮಾಡ್ತದೆ ಸ್ವಾಮಿ ಆ ಬೆಳ್ಕು?" ಎಂದು ಚಿಕ್ಕತಾಯಮ್ಮ ಕೇಳಿದರು. ಕನಕಪುರದ ಕಡೆಯ ಈ ಹೆಂಗಸು ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದವರು. ಹೊಸ ತಳಿಯ ಮೊಟ್ಟೆಗಳನ್ನು ಮೊದಲು ಸಾಕಿ ನೋಡಲು ಮೈಸೂರಿನ ಸಂಶೋಧನಾಲಯ ಅವರನ್ನೇ ಆರಿಸಿತ್ತು.

"ಪಾಲು ಮಾಡತ್ತೆ ತಾಯಿ," ಎಂದರು ಡಾ. ಧರಣೇಂದ್ರ. ಯಂತ್ರ ಅವರದೇ ಸೃಷ್ಟಿ. ಅದಕ್ಕೆ ಹದಿನೇಳು ವರ್ಷ ಹಿಡಿದಿತ್ತು. ಅವರ ನಿವೃತ್ತಿಗೆ ಇನ್ನು ಮೂರೇ ತಿಂಗಳು ಉಳಿದಿತ್ತು.

ಅವರು ಬಿಡಿಸಿ ಹೇಳಿದರು. ಮೊಟ್ಟೆಯಿಟ್ಟು ಒಂದೂವರೆ ದಿನ ಕಳೆದರೂ ಒಳಗೆ ಕಣ್ಣಿಲ್ಲ, ಕಾಲಿಲ್ಲ, ಬಾಯಿಲ್ಲ. ಜೀವಕೋಶಗಳ ಒಂದು ತೆಳು ಪಟ್ಟಿ ಮಾತ್ರ ಇರುತ್ತದೆ. ಆ ಕೋಶಗಳು ಸರಿದಾಡಿ ಮೂರು ಪದರಗಳಾಗುತ್ತವೆ. ಒಳಪದರದಿಂದ ಕರುಳು, ನಡುಪದರದಿಂದ ಮಾಂಸ, ಹೃದಯ, ಕೊಬ್ಬು. ಹೊರಪದರದ ಸಂಸಾರವೇ ದೊಡ್ಡದು: ಚರ್ಮ, ನರ, ಕಣ್ಣು, ರೇಷ್ಮೆ ಗ್ರಂಥಿ, ಮುಂದೆಂದೋ ರೆಕ್ಕೆಯಾಗಬೇಕಾದ ನಾಲ್ಕು ಮೊಗ್ಗುಗಳು ಎಲ್ಲ ಅದರ ಮಕ್ಕಳು. ಮನುಷ್ಯನ ಮೈಯೂ ಹೀಗೆಯೇ ಮೂರು ಪದರಗಳಿಂದ ಎದ್ದದ್ದು. ತಲೆಯೊಳಗಿನ ಮಿದುಳೂ ತಲೆಯ ಮೇಲಿನ ಕೂದಲೂ ಒಂದೇ ಪದರದಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಧರಣೇಂದ್ರರ ವಿಷಯದಲ್ಲಿ ಕೂದಲೆಂಬ ತಮ್ಮ ನಲವತ್ತಕ್ಕೇ ಮನೆ ಬಿಟ್ಟು ಹೋಗಿದ್ದ.

"ಯಾವ ಕೋಶ ಏನಾಗಬೇಕು ಅಂತ ಇನ್ನೂ ತೀರ್ಮಾನ ಆಗಿರಲ್ಲ. ಆ ಹೊತ್ತಿಗೆ ಸರಿಯಾಗಿ ಬೆಳಕು ಹೋಗಿ ಮುಟ್ಟತ್ತೆ. ರೆಕ್ಕೆಗೆ ಹೋಗಬೇಕಾದ ಪಾಲನ್ನ ರೇಷ್ಮೆ ಗ್ರಂಥಿಗೆ ತಿರುಗಿಸತ್ತೆ. ಗ್ರಂಥಿ ಎರಡರಷ್ಟಾಗತ್ತೆ."

"ರೆಕ್ಕೆ ಬ್ಯಾಡ್ವಾ ಸ್ವಾಮಿ ಅದಕ್ಕೆ?"

ಈ ಪ್ರಶ್ನೆಯನ್ನು ಸಂಶೋಧನಾಲಯ ಹಗುರವಾಗಿ ತೆಗೆದುಕೊಂಡಿರಲಿಲ್ಲ. ಅನಗತ್ಯ ಅಂಗಗಳ ಉಪಸಮಿತಿ ಹನ್ನೊಂದು ಸಲ ಸೇರಿತ್ತು. ಕಣ್ಣನ್ನು ಕೈಬಿಡಲು ಒಬ್ಬ ಸದಸ್ಯರು ಒಪ್ಪಲಿಲ್ಲ, ಮೀಸೆಯನ್ನು ಕೈಬಿಡಲು ಇನ್ನೊಬ್ಬರು ಒಪ್ಪಲಿಲ್ಲ. ರೆಕ್ಕೆಯ ವಿಷಯ ಮಾತ್ರ ಚಹಾ ಬರುವ ಮೊದಲೇ ಸರ್ವಾನುಮತದಿಂದ ಮುಗಿದುಹೋಯಿತು. ಸಾಕಿದ ರೇಷ್ಮೆ ಚಿಟ್ಟೆ ಹೇಗೂ ಹಾರುವುದಿಲ್ಲ. ಅಲ್ಲದೆ ಚಿಟ್ಟೆಯಾಗುವ ಮೊದಲೇ ಗೂಡಿನ ಸಮೇತ ಕುದಿನೀರಿಗೆ ಹೋಗುವ ಹುಳಕ್ಕೆ ರೆಕ್ಕೆ ಏತಕ್ಕೆ? ಟಿಪ್ಪಣಿ ಬರೆದವರು ಧರಣೇಂದ್ರರೇ.

"ಹೇಗೂ ಹಾರಲ್ವಲ್ಲ ತಾಯಿ," ಎಂದು ನಕ್ಕರು.

ಚಿಕ್ಕತಾಯಮ್ಮ ನಗಲಿಲ್ಲ. ಮೊಟ್ಟೆಯ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಹದಿನೇಳು ವರ್ಷ ಧರಣೇಂದ್ರರನ್ನು ದುಡಿಸಿದ್ದು ಬಡ್ತಿಯ ಆಸೆಯಲ್ಲ, ತಾಯಿಗೆ ಕೊಟ್ಟ ಮಾತು. ಮರುದೇವಮ್ಮನವರಿಗೆ ಈಗ ಎಂಬತ್ತಾರು. ಗೆಡ್ಡೆ ಗೆಣಸು ಮುಟ್ಟದ, ಸೂರ್ಯ ಮುಳುಗಿದ ಮೇಲೆ ತುತ್ತು ಬಾಯಿಗಿಡದ ಜೈನ ಗೃಹಿಣಿ. ಮಗನ ಮದುವೆಯಲ್ಲೂ ಹತ್ತಿ ಸೀರೆಯನ್ನೇ ಉಟ್ಟವರು. ಮಗನಿಗೆ ರೇಷ್ಮೆಯ ಸಂಶೋಧನಾಲಯದಲ್ಲಿ ಕೆಲಸ ಸಿಕ್ಕ ದಿನ, "ಒಂದು ಸೀರೆಗೆ ಎಷ್ಟು ಜೀವ ಕುದಿಸ್ತಾರೋ ಧರಣಿ?" ಎಂದು ಕೇಳಿದ್ದರು. ಸಾವಿರಾರು ಎಂಬ ಉತ್ತರ ಕೇಳಿ ಮೂರು ದಿನ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಮಗ, "ಅದನ್ನ ನಾನು ಅರ್ಧಕ್ಕೆ ಇಳಿಸ್ತೀನಮ್ಮ," ಎಂದು ಮಾತು ಕೊಟ್ಟಿದ್ದ. ಒಂದು ಹುಳ ಎರಡರ ರೇಷ್ಮೆ ಕೊಟ್ಟರೆ ಅರ್ಧ ಜೀವ ಉಳಿದಂತೆಯೇ ಅಲ್ಲವೇ? ಲೆಕ್ಕ ಸರಿಯಾಗಿಯೇ ಇತ್ತು.

ಚಿಕ್ಕತಾಯಮ್ಮನವರ ಊರಾದ ಹೊಸದೊಡ್ಡಿಯ ಹುಳು ಮನೆಯಲ್ಲಿ ಮೊಟ್ಟೆ ಒಡೆದವು. ಹುಳು ಪೊರೆ ಬಿಡುವ ನಾಲ್ಕು ಜ್ವರಗಳೂ ನೆಟ್ಟಗೆ ಕಳೆದವು. ನಾಲ್ಕನೆಯ ಜ್ವರ ಎದ್ದ ಏಳೆಂಟು ದಿನಕ್ಕೆ ಹುಳು ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಆಚೀಚೆ ಆಡಿಸುತ್ತದೆ. ಇದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಆಗ ಹುಳುಗಳನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟರೆ ಗೂಡು ಕಟ್ಟಲು ಶುರುಮಾಡುತ್ತವೆ. ಚಿಕ್ಕತಾಯಮ್ಮ ಚಂದ್ರಿಕೆಗಳನ್ನು ತೊಳೆದು, ಒಣಗಿಸಿ, ಅರಿಶಿನ ಕುಂಕುಮ ಇಟ್ಟು ಕಾದರು. ಎಂಟು ದಿನವಾಯಿತು, ಹತ್ತಾಯಿತು, ಹದಿನೈದಾಯಿತು.

"ಬಂದ್ ನೋಡಿ ಸ್ವಾಮಿ," ಎಂದು ಫೋನು ಬಂತು.

ಧರಣೇಂದ್ರ ಹೋಗಿ ನೋಡಿದರು. ಹೆಬ್ಬೆರಳಿಗಿಂತ ದಪ್ಪಗಾದ ಹುಳುಗಳು ಮಳೆ ಸುರಿದಂತೆ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದವು. ಒಂದನ್ನು ಕೊಯ್ದು ನೋಡಿದರೆ ರೇಷ್ಮೆ ಗ್ರಂಥಿ ತುಂಬಿ ತುಳುಕುತ್ತಿತ್ತು.

"ಹೊಟ್ಟೆ ತುಂಬ ಬಟ್ಟೆ ಇಟ್ಕೊಂಡು ಬೆತ್ಲೆ ಕೂತವೆ," ಎಂದರು ಚಿಕ್ಕತಾಯಮ್ಮ. "ಮನೆ ಕಟ್ಟೋದು ಯಾಕೆ ಸ್ವಾಮಿ? ಒಳಕ್ಕೋದೋನು ಬ್ಯಾರೆ ಆಗಿ ಆಚೆಗೆ ಬರ್ಬೇಕು ಅಂತ. ಬರೋನೇ ಇಲ್ಲ ಅಂದ್ಮೇಲೆ ಯಾರಿಗೋಸ್ಕರ ಕಟ್ತದೆ?"

ಪ್ರಯೋಗಶಾಲೆಯಲ್ಲಿ ಐದು ವಾರ ತಿಣುಕಾಡಿದ ಮೇಲೆ ಧರಣೇಂದ್ರರಿಗೂ ಇದೇ ಉತ್ತರ ಸಿಕ್ಕಿತು. ಸ್ವಲ್ಪ ದೊಡ್ಡ ಪದಗಳಲ್ಲಿ, ಅಷ್ಟೆ. ರೆಕ್ಕೆಯ ಮೊಗ್ಗುಗಳು ಬಲಿತಾಗ ಸಿದ್ಧಸೂಚಕ ಎಂಬ ರಸವೊಂದನ್ನು ರಕ್ತಕ್ಕೆ ಬಿಡುತ್ತವೆ. ಅದು ಮಿದುಳಿಗೆ ತಲುಪಿದ ಮೇಲೆಯೇ ಹುಳು ತಿನ್ನುವುದನ್ನು ನಿಲ್ಲಿಸಿ ನೂಲು ತೆಗೆಯುತ್ತದೆ. ಹಾರದ ರೆಕ್ಕೆಗೂ ಒಂದು ಕೆಲಸವಿತ್ತು. ಸಾಮಾನ್ಯ ಹುಳುವಿನ ಮೊಗ್ಗು ಕಿತ್ತು ಈ ಹುಳಕ್ಕೆ ಕಸಿ ಮಾಡಿದಾಗ ಇದೇನೋ ಸೊಗಸಾಗಿ ಗೂಡು ಕಟ್ಟಿತು, ಮೊಗ್ಗು ಕೊಟ್ಟದ್ದು ಸತ್ತಿತು. ಅಂದರೆ ಎರಡು ಹುಳುವಿನ ರೇಷ್ಮೆಯನ್ನು ಒಂದರಿಂದ ಪಡೆಯಲು ಎರಡು ಹುಳು ಬೇಕಾದವು.

ಯೋಜನೆ ಮುಚ್ಚಿ, ಹುಳುಗಳನ್ನು ವಿಲೇವಾರಿ ಮಾಡುವಂತೆ ಆದೇಶ ಬಂತು. ಧರಣೇಂದ್ರರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕೊನೆಯ ತಟ್ಟೆಯಿಂದ ಇಪ್ಪತ್ತನಾಲ್ಕು ಹುಳುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಮನೆಗೆ ತಂದರು.

"ಇವನ್ನ ಯಾರೂ ಕುದಿಸಲ್ಲಮ್ಮ. ಗೂಡೇ ಕಟ್ಟಲ್ಲ ಇವು."

ಮರುದೇವಮ್ಮ ಕನ್ನಡಕ ಹಾಕಿಕೊಂಡು ಎಣಿಸಿದರು. ತೀರ್ಥಂಕರರಷ್ಟೇ ಸಂಖ್ಯೆ ಎಂದು ಮುಖ ಅರಳಿತು. "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಕೆಲಸ ಮಾಡ್ದೆ ನೋಡು!" ಎಂದರು. ಮಗನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅಂದಿನಿಂದ ಹುಳುಗಳ ಯೋಗಕ್ಷೇಮ ಅಜ್ಜಿಯದಾಯಿತು. ಆದರೆ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಸಂಜೆ ಆರಾಯಿತೆಂದರೆ ಅಜ್ಜಿ ಸೊಪ್ಪನ್ನೆಲ್ಲ ಪೆಟ್ಟಿಗೆಯಿಂದ ಆರಿಸಿ ತೆಗೆದುಬಿಡುತ್ತಿದ್ದರು.

"ಹುಳಕ್ಕೂ ವ್ರತಾನಾ ಅಮ್ಮ? ಹಗಲು ರಾತ್ರಿ ತಿನ್ನೋ ಜಾತಿ ಅದು."

"ನನ್ನ ಮನೇಲಿ ಇದ್ಮೇಲೆ ನನ್ನ ಹಾಗೇ ಇರ್ಲಿ. ಬೆಳಿಗ್ಗೆ ಹೊಟ್ಟೆ ತುಂಬ ಕೊಡ್ತೀನಿ."

ಆರನೆಯ ದಿನ ಬೆಳಗ್ಗೆ ಪೆಟ್ಟಿಗೆ ಖಾಲಿಯಾಗಿತ್ತು. ಅಜ್ಜಿ ಗಾಬರಿಯಿಂದ ಮನೆಯೆಲ್ಲ ಹುಡುಕಿದರು. ಮೂಲೆಯಲ್ಲಿದ್ದ ತೆಂಗಿನ ಪೊರಕೆಯ ಕಡ್ಡಿಗಳ ನಡುವೆ ನಿಂಬೆಹಣ್ಣಿನಷ್ಟು ದಪ್ಪದ ಇಪ್ಪತ್ತನಾಲ್ಕು ಹಳದಿ ಗೂಡುಗಳು ಏಳುತ್ತಿದ್ದವು.

ಧರಣೇಂದ್ರ ಪೊರಕೆಯ ಮುಂದೆ ನೆಲದಲ್ಲೇ ಕುಳಿತುಬಿಟ್ಟರು. ಸಂಗತಿ ಇಷ್ಟು ಸರಳವಾಗಿತ್ತು. ಬೆಳೆದ ಹುಳಕ್ಕೆ ದಿನವೂ ಅರ್ಧ ದಿನ ಮೇವು ತಪ್ಪಿದರೆ, ಸೊಪ್ಪು ಮುಗಿಯಿತು, ಇನ್ನು ಕಾಯುವುದು ಬೇಡ ಎಂದು ಮೈ ಬೇರೊಂದು ದಾರಿಯಿಂದ ಎಚ್ಚರಗೊಳ್ಳುತ್ತದೆ. ರೆಕ್ಕೆಯ ಅಪ್ಪಣೆಯೇ ಬೇಕಿಲ್ಲ. ಇದು ಯಾರಿಗೂ ಹೊಳೆಯದ್ದಕ್ಕೆ ಕಾರಣವೂ ಸರಳ. ಹುಳು ಸಾಕುವ ಮನೆಯಲ್ಲಿ ಮಕ್ಕಳ ಊಟ ತಡವಾದರೂ ಹುಳುವಿನ ಮೇವು ತಡವಾಗುವುದಿಲ್ಲ. ಚಿಕ್ಕತಾಯಮ್ಮ ಪಾಪವೆಂದು ಹುಳುವನ್ನು ಹಸಿವಿನಲ್ಲಿಟ್ಟಿರಲಿಲ್ಲ. ವಿಜ್ಞಾನಿಗಳಂತೂ ಹುಳು ಹಣ್ಣಾಗುತ್ತಿಲ್ಲವೆಂದು ಇನ್ನೆರಡು ಹೊರೆ ಹೆಚ್ಚಿಗೆ ಹಾಕಿದ್ದರು.

"ಇವು ಈಚೆಗೆ ಬರೋಕೆ ಎಷ್ಟು ದಿನ ಬೇಕೋ?" ಎಂದು ತಾಯಿ ಹಿಗ್ಗಿನಿಂದ ಕೇಳಿದರು.

"ಹತ್ತು ಹನ್ನೆರಡು ದಿನ."

ನಿವೃತ್ತಿಗೆ ಎಂಟು ದಿನವಿತ್ತು. ನೂಲಿನ ಉದ್ದ ಗೊತ್ತಾಗಬೇಕಾದರೆ ಗೂಡನ್ನು ಕುದಿಸಿ ಬಿಚ್ಚಲೇಬೇಕು, ಬೇರೆ ಉಪಾಯವಿಲ್ಲ. ನಾಲ್ಕನೆಯ ದಿನ ಧರಣೇಂದ್ರ, "ಒಂದು ಸಲ ತೂಗಿ ತರ್ತೀನಮ್ಮ," ಎಂದು ಗೂಡುಗಳನ್ನು ಬಿಡಿಸಿಕೊಂಡು ಹೋದರು. ಪ್ರತಿ ಗೂಡಿನಲ್ಲೂ ಎರಡೂವರೆ ಸಾವಿರ ಮೀಟರ್ ನೂಲು ಕಡಿಯದೆ ಬಂತು. ಸಾಮಾನ್ಯ ಗೂಡಿನ ಎರಡರಷ್ಟು. ನಿರ್ದೇಶಕರು ಎದ್ದು ಬಂದು ಅಪ್ಪಿಕೊಂಡರು.

ಸಂಜೆ ಬರಿಗೈಲಿ ಮನೆಗೆ ಬಂದ ಮಗನನ್ನು ತಾಯಿ ಕೇಳಿದರು. "ಎಲ್ಲೋ?"

"ಲೆಕ್ಕಕ್ಕಿಂತ ಮೊದ್ಲೇ, ಅಲ್ಲೇ ಈಚೆಗೆ ಬಂದ್ವಮ್ಮ. ಹಾರಿಹೋದವು."

ರೆಕ್ಕೆ ಕಿತ್ತವನ ಬಾಯಲ್ಲೇ ಈ ಮಾತು ಬಂತು. ಮರುದೇವಮ್ಮ ಕೈಮುಗಿದು, "ಹೋಗ್ಲಿ, ಎಲ್ಲಾದ್ರೂ ಚೆನ್ನಾಗಿರ್ಲಿ," ಎಂದು ಪೊರಕೆಯನ್ನು ಮತ್ತೆ ಮೂಲೆಯಲ್ಲಿಟ್ಟರು. ಕೊಟ್ಟ ಮಾತಾದರೂ ಉಳಿಯುತ್ತದಲ್ಲ, ಲೋಕದಲ್ಲಿ ಇನ್ನು ಅರ್ಧದಷ್ಟು ಹುಳು ಉಳಿಯುತ್ತವಲ್ಲ ಎಂದು ಧರಣೇಂದ್ರ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಒಂದು ವರ್ಷ ಕಳೆಯಿತು. ಸಂಶೋಧನಾಲಯ ಸಮಾರಂಭವಿಟ್ಟುಕೊಂಡು, ಹೊಸ ಕ್ರಮಕ್ಕೆ 'ಮರುದೇವಿ ವಿಧಾನ' ಎಂದು ಹೆಸರಿಟ್ಟು, ತಾಯಿ ಮಗನನ್ನು ಸನ್ಮಾನಕ್ಕೆ ಕರೆಯಿತು. ಮುಖ್ಯ ಅತಿಥಿಗಳು ಎರಡು ತಾಸು ತಡವಾಗಿ ಬಂದಿದ್ದರಿಂದ ಹೊತ್ತು ಇಳಿಯುತ್ತಿತ್ತು. ಮೊದಲ ಸಾಲಿನಲ್ಲಿದ್ದ ಚಿಕ್ಕತಾಯಮ್ಮ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು.

"ನಿಮ್ಮಿಂದ ಸಂಜೆ ಮ್ಯಾಲೆ ಸೊಪ್ ಹಾಕೋ ಕಷ್ಟ ತಪ್ತು ಅವ್ವ. ಈಗ ಎಲ್ಡರಷ್ಟು ಹುಳ ಸಾಕ್ತೀವಿ. ನಮ್ಮೂರಾಗೆ ಸಾಕ್ದೇ ಇರೋ ಮನೇನೆ ಇಲ್ಲ!"

ನಿರ್ದೇಶಕರ ಭಾಷಣ ಉಳಿದದ್ದನ್ನು ಹೇಳಿತು. ರಾಜ್ಯದಲ್ಲಿ ಹುಳುಗಳ ಸಂಖ್ಯೆ ದುಪ್ಪಟ್ಟು, ರೇಷ್ಮೆ ನಾಲ್ಕು ಪಟ್ಟು. ಯಾರೂ ಅರ್ಧ ಮಾಡಿರಲಿಲ್ಲ. ಅರ್ಧ ಮಾಡಬೇಕೆಂದು ಧರಣೇಂದ್ರ ಯಾರಿಗೂ ಹೇಳಿರಲೂ ಇಲ್ಲ. ತಾಯಿಗೆ ಮಾತ್ರ ಹೇಳಿದ್ದರು.

ಚಪ್ಪಾಳೆಯ ನಡುವೆ ನಿರ್ದೇಶಕರು ಮರುದೇವಮ್ಮನವರ ಹೆಗಲಿಗೆ ರೇಷ್ಮೆ ಶಾಲು ಹೊದಿಸಿದರು. ಜೀವಮಾನದಲ್ಲಿ ಮೊದಲ ಬಾರಿ ರೇಷ್ಮೆ ಆ ಮೈಯನ್ನು ಮುಟ್ಟಿತು. ಅಷ್ಟು ಜನರ ಮುಂದೆ ಹೇಗೆ ಬೇಡವೆನ್ನುವುದು?

"ಇನ್ನೊಂದು ವಿಶೇಷ," ಎಂದು ನಿರ್ದೇಶಕರು ಧ್ವನಿವರ್ಧಕಕ್ಕೆ ಬಾಗಿದರು. "ಈ ಶಾಲಿನ ಅಂಚು ಇದೆಯಲ್ಲ, ಅದನ್ನು ನೇಯ್ದಿರುವುದು ಅಮ್ಮನವರು ತಮ್ಮ ಕೈಯಾರೆ ಬೆಳೆಸಿದ ಮೊದಲ ಇಪ್ಪತ್ತನಾಲ್ಕು ಗೂಡುಗಳ ನೂಲಿನಿಂದ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಸಿಹಿಯ ತಟ್ಟೆಯನ್ನು ಅಜ್ಜಿಯ ಮುಂದಿಟ್ಟರು. ಅವರು ಕಿಟಕಿಯತ್ತ ನೋಡಿ, ಹೊತ್ತು ಮುಳುಗಿದ್ದನ್ನು ಕಂಡು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಶಾಲನ್ನು ಹೆಗಲಿನಿಂದ ಮೆಲ್ಲಗೆ ತೆಗೆದು, ಮಡಿಲಲ್ಲಿ ಹರವಿ, ಹಳದಿ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ರಟ್ಟಿನ ಪೆಟ್ಟಿಗೆಯಲ್ಲಿ ಹುಳುಗಳನ್ನು ಸವರುತ್ತಿದ್ದದ್ದೂ ಹಾಗೆಯೇ.

"ಧರಣಿ," ಎಂದರು, ಮಗನಿಗೆ ಮಾತ್ರ ಕೇಳುವಷ್ಟು ಮೆತ್ತಗೆ. "ಹಾರಿಹೋದವು ಅಂದಿದ್ಯಲ್ಲೋ."