ಮೂರನೇ ಲೆವೆಲ್ಲಿನ ಪದ

"ಟುಡು ಟುಡು ಟ್ಯೂಂ, ಟುಡು ಟುಡು ಟ್ಯೂಂ…"

ಯಶೋಧರಾ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಹಾಗಾಗಿ ಐದನೇ ಕ್ಲಾಸಿನವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದು ಅವಳಿಗೆ ಕಾಣಲಿಲ್ಲ. ಮತ್ತೊಂದು 'ಟ್ಯೂಂ' ಬಂದಾಗ ಹಿಂದಿನ ಬೆಂಚಿನವರು ತಡೆಯಲಾರದೆ ಹೋ ಎಂದು ನಕ್ಕುಬಿಟ್ಟರು.

ಕರಿಬಸವಯ್ಯ ಮೇಷ್ಟ್ರು ಡಸ್ಟರ್‌ನಿಂದ ಮೇಜು ಕುಟ್ಟಿದರು. ಸ್ಕೂಲ್ ಡೇಗೆ ಹುಡುಗಿಯರ ಕೋಲಾಟ ಎಂದು ಗೊತ್ತಾಗಿತ್ತು. ಯಾವ ಹಾಡಿಗೆ ಕೋಲು ಹಾಕುವುದು ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ಒಳ್ಳೆಯ ಹಾಡು ಬರುವವರು ಮುಂದೆ ಬಂದು ಹಾಡಿ ಎಂದು ಅವರೇ ಹೇಳಿದ್ದರು. ಗಂಡಸಿ ಊರಿನಿಂದ ಬಸ್ಸಿನಲ್ಲಿ ಬರುವ ಸೌಂದರ್ಯ ಎಂಬ ಹುಡುಗಿ ಸುಗ್ಗಿಯ ಹಾಡೊಂದನ್ನು ಹಾಡಿ ಹೋಗಿ ಕೂತಿದ್ದಳು. ಅವಳ ಗೆಳತಿ ಯಶೋಧರಾ ಆಮೇಲೆ ಎದ್ದು ಬಂದಿದ್ದಳು.

"ಇದೇನಮ್ಮ ಇದು?" ಎಂದರು ಮೇಷ್ಟ್ರು.

"ಹಾಡು ಸಾರ್. ಟಿವಿ ಗೇಮಿಂದು. ಮೂರನೇ ಲೆವೆಲ್."

ಮತ್ತೆ ನಗು. ಈ ಸಲ ಮೇಷ್ಟ್ರೂ ನಕ್ಕರು. "ಪದ ಅಂದ್ಮೇಲೆ ಅದ್ರಲ್ಲಿ ಪದ ಇರ್ಬೇಕಲ್ವೇನಮ್ಮ? ಪದ ಇಲ್ಲದ್ದು ಪದ ಹೆಂಗಾಗುತ್ತೆ?"

ಅರಸೀಕೆರೆ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹಾಡಿಗೂ ಪದ ಎನ್ನುತ್ತಾರೆ, ಮಾತಿಗೂ ಪದ ಎನ್ನುತ್ತಾರೆ. ಮೇಷ್ಟ್ರಿಗೆ ತಮ್ಮ ಜೋಕು ತಮಗೇ ಬಹಳ ಹಿಡಿಸಿತು. ಅದನ್ನೇ ಇನ್ನೊಮ್ಮೆ ಹೇಳಿದರು.

ಯಶೋಧರಾ ನಗಲಿಲ್ಲ. ಅವಳ ಮೂಗಿನ ಹೊಳ್ಳೆ ಅರಳಿತು. ಅದು ಅರಳಿತು ಅಂದರೆ ಮನೆಯಲ್ಲಿ ಅವಳ ಅಪ್ಪ ಕೂಡ ಪೇಪರ್ ಮಡಿಸಿ ಎದ್ದು ಹೋಗುತ್ತಾರೆ.

"ಪದ ಇಲ್ಲ ಸಾರ್. ಆದ್ರೂ ಇದು ಹಾಡೇ."

ಸೋಮವಾರ ಬೇರೆ ಹಾಡು ತಂದರೆ ಸರಿ, ಇಲ್ಲದಿದ್ದರೆ ಸೌಂದರ್ಯ ಹಾಡಿದ್ದೇ ಗಟ್ಟಿ ಎಂದು ಮೇಷ್ಟ್ರು ಹೇಳಿದರು. ಯಶೋಧರಾ ಜಾಗಕ್ಕೆ ಹೋಗುವ ಬದಲು ಅಲ್ಲೇ ನಿಂತು, ಸೋಮವಾರವೂ ಇದನ್ನೇ ತರುತ್ತೇನೆ ಎಂದಳು. ಆಮೇಲೆ ಬೆಲ್ ಹೊಡೆಯುವವರೆಗೂ ಅವಳು ಗೋಡೆ ಪಕ್ಕ ನಿಂತಿರಬೇಕಾಯಿತು. ನಿಂತೇ ಇದ್ದಳು, ತಲೆಯನ್ನಂತೂ ತಗ್ಗಿಸಲಿಲ್ಲ.

ಅವಳಿಗೆ ಆ ಹಾಡಿನ ಹುಚ್ಚು ಹೇಗೆ ಹತ್ತಿತು ಅಂತ ಹೇಳಬೇಕು. ಆ ಗೇಮ್ ಅವಳ ಅಣ್ಣ ಸಿದ್ಧಾರ್ಥನದು. ಟಿವಿಗೆ ವೈರು ಸಿಕ್ಕಿಸಿ, ಹಳದಿ ಕ್ಯಾಸೆಟ್ ಹಾಕಿದರೆ ಕತ್ತಿ ಹಿಡಿದ ಹೀರೋ ಒಬ್ಬ ಬರುತ್ತಾನೆ. ಓಡುತ್ತಾನೆ, ಹಾರುತ್ತಾನೆ, ರಾಕ್ಷಸರನ್ನು ಕಚಕಚ ಕೊಚ್ಚುತ್ತಾನೆ. ಮೊದಲ ಎರಡು ಲೆವೆಲ್ಲಿನ ಮ್ಯೂಸಿಕ್ ಅಷ್ಟಕ್ಕಷ್ಟೆ. ಮೂರನೆಯದರಲ್ಲಿ ಮಂಜಿನ ಬೆಟ್ಟ ಬರುತ್ತದೆ. ಅಲ್ಲಿಯದೇ ಈ ಹಾಡು.

ಮೇಲೆ ಒಂದು ಸಣ್ಣ ದನಿ ಓಡುತ್ತದೆ. ಕೆಳಗಿನಿಂದ ಒಂದು ದಪ್ಪ ದನಿ ಅದನ್ನು ಅಟ್ಟಿಸಿಕೊಂಡು ಬರುತ್ತದೆ. ಇನ್ನೇನು ಹಿಡಿದೇಬಿಟ್ಟಿತು ಅನ್ನುವಾಗ ಎರಡೂ ಗಪ್ಪನೆ ನಿಲ್ಲುತ್ತವೆ. ಒಂದು ಚಿಟಿಕೆಯಷ್ಟು ಹೊತ್ತು ಏನೂ ಇಲ್ಲ. ಮತ್ತೆ ಓಟ. ಆ ಖಾಲಿ ಜಾಗ ಬಂದಾಗಲೆಲ್ಲ ಯಶೋಧರಾಳ ಎದೆ ಝಲ್ ಎನ್ನುತ್ತಿತ್ತು. ಅಲ್ಲಿ ಕೋಲಿಗೆ ಕೋಲು ಬಿದ್ದರೆ ಹೇಗಿರುತ್ತೆ ಎಂದು ಅವಳಿಗೆ ಹೊಳೆದದ್ದೂ ಹಾಗೆಯೇ.

ಬೆಟ್ಟದ ಬುಡದಲ್ಲಿ ಒಂದು ಬಂಡೆ ಇದೆ. ಅದರ ಹಿಂದೆ ಹೀರೋನನ್ನು ನಿಲ್ಲಿಸಿದರೆ ಒಬ್ಬ ರಾಕ್ಷಸನೂ ಹತ್ತಿರ ಬರುವುದಿಲ್ಲ. ಯಶೋಧರಾ ಅವನನ್ನು ಅಲ್ಲಿ ನಿಲ್ಲಿಸಿ, ಮೊಣಕಾಲು ತಬ್ಬಿಕೊಂಡು, ಟೈಮ್ ಮುಗಿದು ಹೀರೋ ಪಟ್ಟನೆ ಸಾಯುವವರೆಗೂ ಹಾಡು ಕೇಳುತ್ತಿದ್ದಳು.

ಭಾನುವಾರವೂ ಅದೇ ಆಯಿತು. ಸಿದ್ಧಾರ್ಥನಿಗೆ ರೇಗಿಹೋಯಿತು.

"ಆಡೋದಿದ್ರೆ ಆಡು, ಇಲ್ಲಾಂದ್ರೆ ರಿಮೋಟ್ ಕೊಡು. ಸುಮ್ನೆ ಲೈಫ್ ವೇಸ್ಟ್ ಮಾಡ್ತೀಯಲ್ಲ."

"ವೇಸ್ಟ್ ಅಲ್ಲ. ಕೇಳ್ತಾ ಇದೀನಿ."

ಹಾಡು ಕೇಳಬೇಕಿದ್ದರೆ ರೇಡಿಯೋ ಹಾಕಿಕೋ ಎಂದ ಅವನು. ಇದನ್ನು ಯಾರೂ ಮಾಡಿದ್ದಲ್ಲ, ಗಾಡಿ ಸ್ಟಾರ್ಟ್ ಆದರೆ ಸದ್ದು ಬರುವ ಹಾಗೆ ಗೇಮಿಂದ ತಾನಾಗೇ ಬರುತ್ತೆ ಎಂದೂ ಹೇಳಿದ.

ಅದೊಂದು ಮಾತು ಅವಳಿಗೆ ಚುಚ್ಚಿತು. "ದಸರಾ ರಜದಲ್ಲಿ ನೀನು ಗೇಮ್ ಮುಗಿಸ್ದೆ ಅಲ್ವಾ? ಆಗ ಕೊನೇಲಿ ಹೆಸರು ಬಂದ್ವಲ್ಲ, ಅವು ಯಾರ್ದು ಮತ್ತೆ?"

ಬಂದಿದ್ದು ನಿಜ. ಕಪ್ಪು ಪರದೆಯ ಮೇಲೆ ಕಡ್ಡಿ ಜೋಡಿಸಿಟ್ಟಂಥ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಹೋಗಿದ್ದವು. ಅದು ಜಪಾನಿನ ಲಿಪಿ ಇರಬೇಕು ಎಂದು ಅಪ್ಪ ಹೇಳಿದ್ದರು. ಆ ಹೆಸರುಗಳಲ್ಲಿ ಒಂದು ಈ ಹಾಡು ಕಟ್ಟಿದವರದು. ಅದು ಯಾವುದು ಎಂದು ಓದಲು ಬಾರದೆ ಯಶೋಧರಾಳಿಗೆ ಆವತ್ತು ಅಳುವೇ ಬಂದಿತ್ತು. ಸಿದ್ಧಾರ್ಥ ರಿಮೋಟ್ ಕಿತ್ತುಕೊಂಡ.

ಅವಳು ಕಾಲು ಅಪ್ಪಳಿಸುತ್ತ ಹಿತ್ತಿಲಿಗೆ ಬಂದಳು. ಅಲ್ಲಿ ರಂಗಮ್ಮಜ್ಜಿ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದಳು. ತನ್ನೂರು ಕಣಕಟ್ಟೆಯಿಂದ ಬಂದು ತಿಂಗಳ ಮೇಲಾಗಿತ್ತು. ಅಜ್ಜಿಗೂ ಗೇಮಿಗೂ ಎಣ್ಣೆ ಸೀಗೇಕಾಯಿ. ಟಿವಿ ಹಾಕಿದ ಕೂಡಲೇ ಗೊಣಗುತ್ತ ಎದ್ದು ಹಿತ್ತಿಲಿಗೆ ಬಂದುಬಿಡುತ್ತಿದ್ದಳು. ಈಗಲೂ ಹಾಗೇ ಬಂದು, ಮೊರ ಆಡಿಸುತ್ತ, ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು.

"ತಾನಿ ತಂದಾನಾ, ತಾನಿ ತಂದಾನಾ…"

ಯಶೋಧರಾ ನಿಂತಲ್ಲೇ ನಿಂತಳು. ಮೂರನೇ ಲೆವೆಲ್! ಅದೇ ಓಟ, ಅದೇ ಗಪ್ಪನೆ ನಿಲ್ಲುವುದು. ನಿಂತ ಜಾಗಕ್ಕೆ ಸರಿಯಾಗಿ ಅಜ್ಜಿ ಮೊರವನ್ನು ಪಟ್ ಎಂದು ತಟ್ಟುತ್ತಿದ್ದಳು. ಗೋಡೆಯಾಚೆಯಿಂದ ದಿನಾ ಕಿವಿಗೆ ಬಿದ್ದದ್ದು ಅಜ್ಜಿಗೆ ಗೊತ್ತಿಲ್ಲದೆಯೇ ಬಾಯಿಗೆ ಬಂದಿರಬೇಕು ಎಂದುಕೊಂಡಳು.

"ಅಜ್ಜೀ, ಇದನ್ನ ಎಲ್ಲಿ ಕಲ್ತೆ?"

"ಕಲಿಯೋದೇನ್ ಬಂತು? ನಮ್ಮೂರ ಪದ ಅಲ್ವೇನೇ ಇದು. ಕೋಲು ಹಾಕೋವಾಗ ಹೇಳ್ತಿದ್ವಿ."

ಇದು ಗೇಮಿನದು ಅಜ್ಜಿ ಎಂದಳು ಯಶೋಧರಾ. ಆ ಕಿರುಚೋ ಪೆಟ್ಟಿಗೆಗೂ ಈ ಪದಕ್ಕೂ ಏನು ಸಂಬಂಧ ಐತೆ ಎಂದು ಅಜ್ಜಿ ಗದರಿದಳು. ಮೊಮ್ಮಗಳ ಹಠ ಎಲ್ಲಿಂದ ಬಂದಿದೆ ಅಂತ ಯಾರೂ ಕೇಳಬೇಕಾಗಿಲ್ಲ.

"ಹೋಗ್ಲಿ, ತಂದಾನ ಅಂದ್ರೆ ಏನಜ್ಜಿ?"

"ತಂದಾನ ಅಂದ್ರೆ ತಂದಾನ. ಅದ್ಕೆಂಥ ಅರ್ಥ?"

ಯಶೋಧರಾಳ ಮುಖ ಊರಗಲ ಆಯಿತು.

ಸೋಮವಾರ ಅವಳು ಕರೆಯುವ ಮೊದಲೇ ಎದ್ದು ಹೋದಳು. ಈ ಸಲ ಟುಡು ಟುಡು ಇಲ್ಲ. ತಾನಿ ತಂದಾನಾ ಎಂದು ಗಂಟಲು ಬಿಟ್ಟು ಹಾಡಿದಳು. ಎರಡು ಸ್ಕೇಲ್ ಹಿಡಿದ ಸೌಂದರ್ಯ, ಯಶೋಧರಾ ಹೇಳಿಕೊಟ್ಟಿದ್ದ ಹಾಗೆ, ಖಾಲಿ ಜಾಗ ಬಂದಾಗ ಟಕ್ ಎಂದು ಹೊಡೆದಳು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರ ಕಾಲುಗಳು ನೆಲ ಕುಟ್ಟುತ್ತಿದ್ದವು. ಮೇಷ್ಟ್ರ ತಲೆಯೂ ಆಡುತ್ತಿತ್ತು.

"ನೋಡ್ದ್ಯಾ, ಪದ ಅಂದ್ರೆ ಇದು," ಎಂದರು ಮೇಷ್ಟ್ರು. "ಎಷ್ಟು ಹಳೇ ಪದವೋ ಏನೋ. ಯಾವೂರಿಂದಮ್ಮ? ಮೈಕಲ್ಲಿ ಹೇಳ್ಬೇಕು."

ಸೌಂದರ್ಯ ಹಿಂದಿನಿಂದ ಚಿವುಟಿದಳು. "ಕಣಕಟ್ಟೆ ಅನ್ನೇ," ಎಂದು ಪಿಸುಗುಟ್ಟಿದಳು.

ಅನ್ನಬಹುದಿತ್ತು. ಅಜ್ಜಿಯೇ ಹಾಗಂದಿದ್ದಾಳಲ್ಲ. ಹಾಗಂದುಬಿಟ್ಟರೆ ಹಾಡು ಗೆದ್ದ ಹಾಗೆ. ಆದರೆ ಯಶೋಧರಾಳಿಗೆ ಕಪ್ಪು ಪರದೆಯ ಮೇಲೆ ಹೋದ ಆ ಕಡ್ಡಿ ಅಕ್ಷರಗಳು ನೆನಪಾದವು. ಇಷ್ಟು ಚೆನ್ನಾಗಿರುವುದನ್ನು ಯಾರೋ ಕೂತು ಕಟ್ಟಿದ್ದಾರೆ. ಅದನ್ನು ಕದಿಯುವುದೇ? ಅವಳ ಮೂಗು ಅರಳಿತು.

"ಟಿವಿ ಗೇಮಿಂದು ಸಾರ್. ಆವತ್ತು ಹಾಡಿದ್ನಲ್ಲ, ಅದೇ."

ಸೌಂದರ್ಯ ಹಣೆ ಚಚ್ಚಿಕೊಂಡಳು. ಮೇಷ್ಟ್ರ ಮುಖ ಗಂಟಿಕ್ಕಿತು. "ಅದ್ರಲ್ಲಿ ಪದಾನೇ ಇರ್ಲಿಲ್ವಲ್ಲ," ಎಂದರು.

"ತಂದಾನ ಅಂದ್ರೆ ಏನು ಸಾರ್?"

ಮೇಷ್ಟ್ರು ತಂದಾನ, ತಂದಾನ ಎಂದು ತಮ್ಮಷ್ಟಕ್ಕೇ ಎರಡು ಸಲ ಹೇಳಿ ನೋಡಿದರು.

"ಯಾವ್ದೋ ಊರಿನ ಹೆಸರು ಹೇಳಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದರು ಕೊನೆಗೆ.

"ಅದಕ್ಕೇ ಹೇಳ್ದೆ ಸಾರ್. ಮಾಡಿದವರ ಹೆಸರು ಕೊನೇಲಿ ಬರುತ್ತೆ. ನಮಗೆ ಓದಕ್ಕೆ ಬರಲ್ಲ ಅಷ್ಟೆ."

ಹೋಗಿ ಕೂತ್ಕೋ ಎಂದರು ಮೇಷ್ಟ್ರು, ಅಷ್ಟೇ. ಯಶೋಧರಾ ಕೂತಳು. ಮುಗಿಯಿತು, ಸೌಂದರ್ಯಳ ಹಾಡೇ ಗಟ್ಟಿ ಎಂದುಕೊಂಡಳು. ಬೇಜಾರಾಯಿತು, ಆದರೆ ಹೇಳಿದ್ದಕ್ಕಲ್ಲ.

ಸಂಜೆ ಬ್ಯಾಗ್ ಹಾಕಿಕೊಂಡು ಹೊರಟಾಗ ಮೇಷ್ಟ್ರು ವರಾಂಡದಲ್ಲಿ ಕೋಲಾಟದ ಕೋಲುಗಳ ಕಟ್ಟು ಬಿಚ್ಚಿ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ನಾಳೆಯಿಂದ ಪ್ರಾಕ್ಟೀಸು. ಆ ನಿಲ್ಲೋ ಜಾಗ ಇದ್ಯಲ್ಲ, ಅದನ್ನ ಎಲ್ರಿಗೂ ನೀನೇ ಹೇಳ್ಕೊಡ್ತೀಯಾ?"

ಸ್ಕೂಲ್ ಡೇ ದಿನ ಮೇಷ್ಟ್ರು ಮೈಕನ್ನು ಎರಡು ಸಲ ಊದಿ ಹೇಳಿದರು: "ಮುಂದಿನ ಕಾರ್ಯಕ್ರಮ ಕೋಲಾಟ. ಇದರ ರಾಗ ಒಂದು ಟಿವಿ ಗೇಮಿನದು. ಕಟ್ಟಿದವರು ಜಪಾನಿನವರಂತೆ. ಅವರ ಹೆಸರು ನಮಗೆ ಓದಲು ಬರಲಿಲ್ಲ. ಅವರು ಕ್ಷಮಿಸಬೇಕು."

ಅಪ್ಪ ಅಮ್ಮಂದಿರು ಮುಖ ಮುಖ ನೋಡಿಕೊಂಡರು. ಕೆಲವರು ನಕ್ಕರು. ನಗಲಿ ಎಂದುಕೊಂಡಳು ಯಶೋಧರಾ, ಕೋಲು ಬಿಗಿಯಾಗಿ ಹಿಡಿದು. ಹಾಡು ಓಡಿತು, ಅಟ್ಟಿಸಿಕೊಂಡು ಬಂತು, ಗಪ್ಪನೆ ನಿಂತಿತು. ಎಲ್ಲ ಕೋಲುಗಳೂ ಒಟ್ಟಿಗೆ ಟಕ್ ಎಂದವು. ಕಾಂಪೌಂಡ್ ಗೋಡೆ ಮೇಲೆ ಕೂತಿದ್ದ ಸಿದ್ಧಾರ್ಥ ಜೋರಾಗಿ ಸೀಟಿ ಹೊಡೆದ.

ಮನೆಗೆ ಬರುವಾಗ ಅಜ್ಜಿ ಮಾತ್ರ ಸಿಡಿಮಿಡಿ ಎನ್ನುತ್ತಿದ್ದಳು. "ನಿಮ್ಮ ಮೇಷ್ಟ್ರು ಮೈಕಲ್ಲಿ ತಪ್ಪು ಹೇಳ್ಬುಟ್ರು ಕಣೇ. ನಮ್ಮೂರ ಪದಾನ ಯಾರ್ದೋ ಅಂದ್ಬುಟ್ರು."

ಯಶೋಧರಾ ವಾದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ, ನೋಡು ಹಿಂಗೆ ಎಂದು, ತೊಡೆ ತಟ್ಟುತ್ತ ಹೇಳತೊಡಗಿದಳು. ತಾನಿ ತಂದಾನಾ, ತಾನಿ ತಂದಾನಾ… ಗಪ್ಪನೆ ನಿಲ್ಲುವ ಜಾಗ ಬಂತು. ಈ ಸಲ ಅಜ್ಜಿ ನಿಲ್ಲಲಿಲ್ಲ. ದನಿಯನ್ನು ಸಣ್ಣಗೆ ಮೇಲಕ್ಕೆಳೆದು, ಬಾಗಿಸಿ, ಮೆಲ್ಲಗೆ ಕೆಳಗಿಳಿಸಿದಳು.

ಈ ತಿರುವು ಮೂರನೇ ಲೆವೆಲ್ಲಿನಲ್ಲಿ ಇರಲಿಲ್ಲ. ಯಾವ ಲೆವೆಲ್ಲಿನಲ್ಲೂ ಇರಲಿಲ್ಲ. ಯಶೋಧರಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಂಡೆಯ ಹಿಂದೆ ಹೀರೋನನ್ನು ನಿಲ್ಲಿಸಿಕೊಂಡು ಅವಳಷ್ಟು ಸಲ ಅದನ್ನು ಕೇಳಿದವರು ಅರಸೀಕೆರೆಯಲ್ಲಿ ಬೇರೆ ಯಾರಿದ್ದರು?

ತೆರೆದ ಬಾಯಿಯನ್ನು ಅವಳು ಮುಚ್ಚಿದಳು. ಮೂಗು ಅರಳಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡಳು.

"ಅಜ್ಜೀ, ಆ ಕೊನೇದು ಇನ್ನೊಂದ್ಸಲ ಹೇಳು. ನಂಗೆ ಬರಲ್ಲ."